ವೈನಿ ಹಾರಿಸುತ್ತಿದ್ದ ಹೆಲಿಕಾಪ್ಟರ್

ಕಂಪ್ಯೂಟರ್ ಮುಂದೆ ಕೂರುವ ಮೊದಲು ವೈನಿ ಬಳೆಗಳನ್ನೆಲ್ಲ ಮೊಣಕೈಯವರೆಗೆ ಏರಿಸಿ, ಸೆರಗು ಸಿಕ್ಕಿಸಿಕೊಂಡು, ಬರಿಗಾಲನ್ನು ಪೆಡಲುಗಳ ಮೇಲಿಡುತ್ತಿದ್ದರು. ಬೀಡಿ ಎಂಬ ಹಳ್ಳಿಯ ಹೊಲಗಳಲ್ಲಿ ಓಡಾಡಿ ಬೆಳೆದವರು, ಹಿಮ್ಮಡಿ ಒಡೆದಿದ್ದವು. ಆ ಪಾದಗಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಅಣ್ಣನನ್ನು ಮದುವೆಯಾಗಿ ಅವರು ಬರುವವರೆಗೆ ಅಲ್ಲಿ ಕೂರುತ್ತಿದ್ದವಳು ನಾನು. ಶಹಾಪುರದ ನಮ್ಮ ಮನೆಯಲ್ಲಿ, ಮಗ್ಗ ತೆಗೆದ ಮೇಲೆ ಖಾಲಿಯಾದ ಕೋಣೆಯಲ್ಲಿ, ಅಣ್ಣ ಹೆಲಿಕಾಪ್ಟರ್ ಹಾರಿಸುವ ಕಂಪ್ಯೂಟರ್ ಆಟ ಹಾಕಿಕೊಂಡಿದ್ದ. ಪೆಡಲು, ಹಿಡಿಕೆ ಎಲ್ಲ ನಾವಿಬ್ಬರೇ ಮಾಡಿದ್ದು. ಹಾರಿಸುತ್ತ ಹಳೆಯ ಕಥೆ ಹೇಳುತ್ತಿದ್ದ: ಮೊದಮೊದಲು ಇಂಥ ಯಂತ್ರಗಳು ಒಂದು ಮಗ್ಗುಲಿಗೆ ಉರುಳಿಬೀಳುತ್ತಿದ್ದವಂತೆ, ತಿರುಗುವ ರೆಕ್ಕೆಯ ಬುಡಕ್ಕೆ ಕೀಲು ಹಾಕಿ, ಅದು ಮೇಲೆ ಕೆಳಗೆ ಆಡುವಂತೆ ಬಿಟ್ಟ ಮೇಲೆ ನೆಟ್ಟಗೆ ಹಾರಿದವಂತೆ. ಆ ಕಥೆಗಳೆಲ್ಲ ನನ್ನೊಬ್ಬಳಿಗೇ ಎಂದುಕೊಂಡಿದ್ದೆ.

ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ವರ್ಷಗಟ್ಟಲೆ ಕೂತರೂ ನನಗೆ ಬರಲಿಲ್ಲ. ವೈನಿ ಬಂದ ಮೊದಲ ಮಳೆಗಾಲದಲ್ಲೇ ನಿಲ್ಲಿಸಿದರು. ಅಣ್ಣ ಅಡುಗೆಮನೆಗೆ ಓಡಿ, "ಅವ್ವಾ, ಬಾ ಇಲ್ಲೆ, ಇಕಿ ನಿಂದರಿಸ್ಯಾಳ ನೋಡು" ಎಂದು ಅವ್ವನ ಕೈಹಿಡಿದು ಎಳೆತಂದ. ಖಾನಾಪುರದ ಆಫೀಸಿನಿಂದ ಆಗಷ್ಟೇ ಬಂದ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅಂದಿನಿಂದ ಆ ಕೋಣೆಗೆ ಹೋಗುವುದನ್ನೇ ಬಿಟ್ಟೆ.

ಒಂದು ಭಾನುವಾರ ಅಣ್ಣ ಹೊರಗೆ ಹೋಗಿದ್ದಾಗ ವೈನಿ ನನ್ನನ್ನು ಕರೆದು ಕೂರಿಸಿದರು. ಮತ್ತೆ ಮತ್ತೆ ಬೀಳಿಸಿದೆ. ಅವರು ನನ್ನ ಬೆರಳು ಸಡಿಲಿಸಿ, "ಅದರ ಕುತ್ತಿಗಿ ಹಿಚುಕಬ್ಯಾಡ ತಂಗಿ. ಹಗರಕ ಹಿಡಿ. ನೆಲಾ ನೋಡಬ್ಯಾಡ, ದೂರದ ಗಿಡಾ ನೋಡು" ಎಂದರು. ಸಂಜೆಯ ಹೊತ್ತಿಗೆ ಅದು ನಿಂತಿತು.

ಅಣ್ಣ ಬಂದು ನೋಡಿ, "ಯಾರ ಕಲಿಸಿದ್ರು?" ಎಂದ.

"ಅಕಿನ ಕಲತಾಳ್ರಿ," ಎಂದರು ವೈನಿ. "ನಾ ಚಾ ಮಾಡಾಕತ್ತಿದ್ದೆ."

ಒಳ್ಳೆಯತನದಲ್ಲೂ ನನಗಿಂತ ಮೇಲಾದರಲ್ಲ ಎಂದು ಆ ದಿನ ಇನ್ನಷ್ಟು ಉರಿದೆ.

ಹೋದ ವರ್ಷ ಕಾಮಾಲೆಯಾಗಿ ವೈನಿ ತೀರಿಕೊಂಡರು. ಅಣ್ಣ ಬಹಳ ದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ ತಾನಾಗಿ ಕರೆದ: "ಬಾ, ಸ್ವಲ್ಪ ಹಾರಸು."

ಹಾರಿಸಿದೆ, ನಿಲ್ಲಿಸಿದೆ. ಅವನು ಪರದೆಯನ್ನು ನೋಡಲೇ ಇಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ.

"ಅಕಿನೂ ಹಿಂಗ ಹಿಡೀತಿದ್ಲು," ಎಂದ.

"ವೈನಿನ ಕಲಿಸಿದ್ದು," ಎಂದೆ.

"ಗೊತ್ತೈತಿ. ಆವತ್ತ ಗೊತ್ತಾಗಿತ್ತು."

ತೀರಿಹೋದವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ತಿಳಿದಿರಲಿಲ್ಲ. ಈಗ ದಿನವೂ ಸಂಜೆ ಅಣ್ಣ ಕರೆಯುತ್ತಾನೆ. ಅವನಿಗೆ ನೋಡಬೇಕಾಗಿರುವುದು ನನ್ನನ್ನಲ್ಲ. ಆದರೂ ಹೋಗುತ್ತೇನೆ.