ಟ್ರಂಕಿನ ಮೇಲಿನ ಹೆಸರು

ಮಿಲಿಟರಿಯವರ ಮಕ್ಕಳಿಗೆ ಫೀಸು ಮಾಫಿ ಉಂಟೆಂದು ಕೇಳಿ, ಅಮ್ಮ ನನ್ನನ್ನು ಸುಳ್ಯದಿಂದ ಪುತ್ತೂರಿನ ಕಾಲೇಜಿಗೆ ಕರೆತಂದಿದ್ದರು. ಗುಮಾಸ್ತರು ಅರ್ಜಿ ತುಂಬಿಸುತ್ತ, "ನಿಮ್ಮ ಯಜಮಾನರ ಹೆಸರೆಂತ ಅಮ್ಮ?" ಎಂದರು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವರು ನಮ್ಮಮ್ಮ. ಅದರಲ್ಲೂ ಅಪ್ಪ ಇದ್ದದ್ದು ಗಡಿಯಲ್ಲಿ, ಬಾಯಿ ಬಿಟ್ಟಾರೇ? ನಾನು ಹೇಳಹೋದರೆ, "ದೊಡ್ಡವರು ಮಾತಾಡುವಾಗ ನೀನು ಸುಮ್ಮನಿರು" ಎಂದು ಗದರಿದರು. ಆಮೇಲೆ, ನನ್ನ ಹಾಸ್ಟೆಲಿಗೆಂದು ತಂದಿದ್ದ ಅಪ್ಪನ ಹಳೇ ಕಪ್ಪು ಟ್ರಂಕನ್ನು ಎತ್ತಿ ಗುಮಾಸ್ತರ ಮೇಜಿನ ಮೇಲೆ ಧಡ್ಡನೆ ಇಟ್ಟರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ಹುದ್ದೆ, ಹೆಸರು ಎಲ್ಲವೂ ಇತ್ತು. ಮಾಫಿ ಸಿಕ್ಕಿತು.

ರಜೆಯಲ್ಲಿ ಬಂದ ಅಪ್ಪ ಇದನ್ನು ಕೇಳಿ, "ಈಗ ಯಾರೂ ಇಲ್ಲ, ಒಮ್ಮೆ ಹೇಳು ಮಾರಾಯ್ತಿ" ಎಂದು ಕೀಟಲೆ ಮಾಡಿದರು.

"ಹೇಳುವ," ಎಂದರು ಅಮ್ಮ. "ಇವಳ ಕಾಲೇಜೊಂದು ಮುಗಿಯಲಿ."