ಪಾಸಾದ ತಪ್ಪಿಗೆ

ಗಂಗಾವತಿಯಲ್ಲಿ ನಾನು ಪೊಲೀಸನಾಗಿದ್ದಾಗ ರೆಜಾ ಎಂಬ ಇರಾನಿನ ತರುಣನನ್ನು ಊರು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಲೇ ನಮ್ಮ ಮಾತು ಕಲಿತಿದ್ದ. ಪಾಸಾದ ಮೇಲೆ ಇಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮಷಿನ್ ರಿಪೇರಿಗೆ ನಿಂತಿದ್ದ. ಆಗ ಅವನ ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಅಣ್ಣ ಅದರಲ್ಲೇ ಸತ್ತಿದ್ದ.

ನಾನು ಗಿರಣಿಗೆ ಹೋದಾಗ ಮಷಿನ್ನಿನ ಪಟ್ಟಾ ಬಿಗಿಯುತ್ತಿದ್ದ.

"ಓದಾಕ ಬಂದವರು ಓದು ಮುಗಿದ ಮ್ಯಾಲೆ ಇಲ್ಲಿ ದುಡಿಯಂಗಿಲ್ಲಪ್ಪ. ವಾಪಸ್ ಹೋಗಬೇಕು," ಎಂದೆ.

ಅವನು ವಾದ ಮಾಡಲಿಲ್ಲ. "ಹೋದ್ರ ನನ್ನ ಕೈಯಾಗ ಬಂದೂಕು ಕೊಡ್ತಾರ್ರಿ," ಎಂದಷ್ಟೇ ಹೇಳಿ ಕೈ ಒರೆಸಿಕೊಂಡ.

ಸಾಮಾನು ತರಲು ಅವನ ಜೊತೆ ಹೋದಾಗ ಅವನಿಗೆ ಕೋಣೆ ಬಾಡಿಗೆ ಕೊಟ್ಟಿದ್ದ ಮುದುಕಿ ಖಾತೂನಬಿ ಬಾಗಿಲಿಗೆ ಅಡ್ಡ ನಿಂತಳು.

"ಏನ್ ತಪ್ಪು ಮಾಡ್ಯಾನ್ರಿ ಜಮಾದಾರ್ರ?"

"ತಪ್ಪೇನಿಲ್ಲಮ್ಮ, ಪಾಸಾಗ್ಯಾನ. ಓದೋತನಕ ಅಷ್ಟ ಇರಾಕ ಪರವಾನಗಿ."

"ಹಂಗಾರ ನಪಾಸಾಗಿದ್ರ ಇರಬಹುದಿತ್ತೇನು?"

ಸುಳ್ಳು ಹೇಳಲಾಗಲಿಲ್ಲ. "ಇರಬಹುದಿತ್ತು," ಎಂದೆ.

ಮುದುಕಿ ಅವನ ಕಡೆ ತಿರುಗಿ, "ಅಷ್ಟ್ಯಾಕ ಓದಿದ್ಯೋ ಮಗನಾ!" ಎಂದು ನಿಜವಾಗಿಯೇ ಬೈದಳು. ರೆಜಾ ನಕ್ಕ. ನಗುತ್ತಲೇ ಅವಳ ಹೆಗಲಿಗೆ ಹಣೆಯಿಟ್ಟು ಅತ್ತುಬಿಟ್ಟ.

ರೈಲು ಹಿಡಿಯಲೆಂದು ನಾನೇ ಅವನನ್ನು ಹೊಸಪೇಟೆ ಬಸ್ಸು ಹತ್ತಿಸಿದೆ. ತನ್ನ ದೇಶ ಮುಟ್ಟಿದ ಕೂಡಲೇ ಕಾಗದ ಬರೆಯುತ್ತೇನೆ ಎಂದು ಖಾತೂನಬಿಗೆ ಹೇಳಿಹೋಗಿದ್ದ. ಕಾಗದ ಬರಲಿಲ್ಲ. ಆಕೆ ಅವನ ಸುದ್ದಿ ಬಂತೇನೆಂದು ನನ್ನನ್ನು ಕೇಳುತ್ತ ಕೇಳುತ್ತ, ಕೊನೆಗೆ ನನ್ನ ಹತ್ತಿರ ಮಾತೇ ಬಿಟ್ಟಳು.

ಮುಂದಿನ ಸುಗ್ಗಿಯಲ್ಲಿ ಗಿರಣಿ ಮಾಲೀಕರು ನನ್ನನ್ನು ಹುಡುಕಿಕೊಂಡು ಬಂದರು. "ಮಷಿನ್ ನಿಂತೈತ್ರಿ. ರೆಜಾನಂಥಾವ ಇನ್ನೊಬ್ಬ ಸಿಗತಾನೇನು ನೋಡ್ರಿ."

"ಹುಡುಕಿ ಊರು ಬಿಡಿಸೋದು ಅಷ್ಟ ನಮ್ಮ ಕೆಲಸರಿ," ಎಂದೆ, "ತಂದು ಕೊಡೋದಲ್ಲ."