ಮೇಷ್ಟ್ರು ಗುರುತಿಸದ ಒಂದು ನಾಣ್ಯ

ವೆಂಕಣ್ಣ ಮೇಷ್ಟ್ರು ಹಳೆಯ ನಾಣ್ಯ ನೋಡಲು ಕೂತರೆ ಮೊದಲು ಕಿಟಕಿಯ ಒಂದು ಬಾಗಿಲು ಮುಚ್ಚುತ್ತಿದ್ದರು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಸವೆದ ಅಕ್ಷರ ತಲೆಯೆತ್ತುತ್ತದೆ ಎನ್ನುವುದು ಅವರ ಅನುಭವ. ಎರಡೂ ಮೈ ನೋಡುವ ತನಕ ಬಾಯಿ ಬಿಡುತ್ತಿರಲಿಲ್ಲ. "ಮುಖ ನೋಡಿ ಮಣೆ ಹಾಕ್ಬಾರ್ದು ಕಣಯ್ಯ, ಬೆನ್ನೂ ನೋಡ್ಬೇಕು" ಎನ್ನುತ್ತಿದ್ದರು. ಶಿಕಾರಿಪುರದ ಹೈಸ್ಕೂಲಿನಲ್ಲಿ ನಮಗೆ ಚರಿತ್ರೆ ಕಲಿಸಿದವರು ಅವರೇ. ಒಮ್ಮೆ ಆನವಟ್ಟಿಯ ವ್ಯಾಪಾರಿಯೊಬ್ಬ ಚಾಲುಕ್ಯರ ಕಾಲದ್ದೆಂದು ಏನನ್ನೋ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದ. ಮೇಷ್ಟ್ರು ತಿರುಗಿಸಿ ನೋಡಿದರು. "ಇದು ಕೋಟಿನ ಗುಂಡಿ ರೀ. ಇನ್ನೂ ಮೂರು ಸಿಕ್ಕರೆ ಹೊಲಿಸ್ಕೊಳ್ಳಿ" ಎಂದು ವಾಪಸು ಕೊಟ್ಟರು.

ಅವರ ನಿಧಾನ ಕಂಡು ನಾನೂ ನಗುತ್ತಿದ್ದೆ, ಐವತ್ತರ ದಶಕದ ಕೊನೆಯ ಆ ಬೇಸಿಗೆಯವರೆಗೆ.

ಬಳ್ಳಿಗಾವಿಯಲ್ಲಿ ನಮ್ಮ ಕೊಟ್ಟಿಗೆಗೆ ಪಾಯ ತೆಗೆಯುವಾಗ ನಮ್ಮಪ್ಪ ಹನುಮಂತಪ್ಪನಿಗೆ ಒಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ ಹಸಿರುಗಟ್ಟಿದ ಸಣ್ಣ ಕಂಚಿನ ಬಿಲ್ಲೆಗಳು. ಅಪ್ಪ ಅದನ್ನು ಪಟೇಲರಿಗೆ ಒಪ್ಪಿಸಿದ. ಅದಕ್ಕೆ ಮೊದಲು ಒಂದು ಬಿಲ್ಲೆಯನ್ನು ಮಾತ್ರ ಅವ್ವ, ದೇವರ ಪಾತ್ರೆ ಬೆಳಗಿದ ಹಾಗೆ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ್ದಳು. ಸ್ವಲ್ಪ ದಿನದಲ್ಲೇ ಊರಲ್ಲಿ ಮಾತೆದ್ದಿತು: ಕುಡಿಕೆಯಲ್ಲಿದ್ದದ್ದು ಚಿನ್ನವಂತೆ, ಹನುಮಂತಪ್ಪ ಅದನ್ನು ನುಂಗಿ ಸಂತೆಯ ಗುಜರಿ ತುಂಬಿಕೊಟ್ಟಿದ್ದಾನಂತೆ. ಅಪ್ಪ ಚಾಚಿದ ಎಲೆಅಡಿಕೆಗೆ ಯಾರೂ ಕೈ ನೀಡದಾದರು. ಪೊಲೀಸರಿಗೆ ಹೇಳುವ ಮುಂಚೆ ತಿಳಿದವರಿಗೆ ತೋರಿಸೋಣವೆಂದು ನಾನು ಕೇಳಿಕೊಂಡಾಗ ಪಟೇಲರು ಒಪ್ಪಿದರು. ನಾನು ಮೇಷ್ಟ್ರನ್ನು ಕರೆತಂದೆ.

ಪಟೇಲರ ಪಡಸಾಲೆಯಲ್ಲಿ ಜನ ನೆರೆದಿತ್ತು. ಅಪ್ಪ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮೇಷ್ಟ್ರು ಒಂದೊಂದನ್ನೇ ಎತ್ತಿ ತೋರಿಸಿದರು.

"ತಲೆಗೆ ಮುತ್ತಿನ ಪಟ್ಟಿ, ಹಿಂದೆ ಅದರ ಗಂಟು. ಸುತ್ತ ರೋಮಿನವರ ಅಕ್ಷರ. ಬೆನ್ನಿಗೆ ಈಟಿ ಹಿಡಿದ ಸಿಪಾಯಿಗಳು. ರೋಮಿನ ಚಕ್ರವರ್ತಿದು ರೀ ಇದು. ಯಾವ ಚಕ್ರವರ್ತಿ ಅಂತ ಕೇಳ್ಬೇಡಿ, ಹೆಸರು ಸವೆದಿದೆ. ಸಾವಿರ ವರ್ಷಕ್ಕೂ ಹಿಂದಿಂದು. ಇಂಥದ್ದನ್ನ ಹನುಮಂತಪ್ಪ ಯಾವ ಸಂತೇಲಿ ತರ್ತಾನೆ?"

ಕೊನೆಗೆ ಉಳಿದದ್ದು ಅವ್ವ ತಿಕ್ಕಿದ್ದ ಆ ಹೊಳೆಯುವ ನಾಣ್ಯ. ಬಹಳ ಹೊತ್ತು ನೋಡಿದರು. ಬೆನ್ನು ತಿರುಗಿಸಿದರು. ಮತ್ತೆ ಮುಖ.

"ಇದನ್ನ ನಾನು ಹೇಳಲಾರೆ."

"ಅದೇ ನೋಡ್ರೀ, ಸಂತೇದು!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪ ತಲೆ ತಗ್ಗಿಸಿದ. ನಾನು ಬಗ್ಗಿ ಮೇಷ್ಟ್ರ ಕಿವಿಯಲ್ಲಿ, "ಇದೂ ಅದೇ ಅಂದ್ಬಿಡಿ ಸಾರ್" ಎಂದೆ.

ಅವರು ಎಲ್ಲರಿಗೂ ಕೇಳುವಂತೆಯೇ ಹೇಳಿದರು: "ಹೆಂಗನ್ಲೋ? ಹುಣಸೆಹಣ್ಣು ಇದರ ಮುಖ ತಿಂದಿದೆ. ಕಾಣದ್ದನ್ನ ಕಂಡೆ ಅನ್ನಕ್ಕಾಗಲ್ಲ."

ಪಟೇಲರು ನಾಣ್ಯವನ್ನಲ್ಲ, ಮೇಷ್ಟ್ರ ಮುಖವನ್ನು ನೋಡುತ್ತಿದ್ದರು. "ಸುಳ್ಳು ಹೇಳೋ ಮನುಷ್ಯ ಆಗಿದ್ರೆ ಇದನ್ನೂ ರೋಮಿಂದೇ ಅಂತಿದ್ರು. ಅಂದಮೇಲೆ ಉಳಿದದ್ದೆಲ್ಲ ನಿಜ. ಹನುಮಂತಪ್ಪ, ಏಳಪ್ಪ ಮೇಲೆ" ಎಂದು ಎಲೆಅಡಿಕೆಯ ತಟ್ಟೆಯನ್ನು ಅಪ್ಪನ ಕಡೆಗೆ ಸರಿಸಿದರು. ಅಪ್ಪ ಎಲೆಗೆ ಸುಣ್ಣ ಹಚ್ಚಲು ಹೋಗಿ ಅಂಗೈಗೆಲ್ಲ ಹಚ್ಚಿಕೊಂಡ.

ಮೇಷ್ಟ್ರು ನಿವೃತ್ತರಾಗಿ ಸೊರಬದಲ್ಲಿದ್ದ ಅಕ್ಕನ ಮನೆ ಸೇರಿದರು. ಕೆಲವು ವರ್ಷಗಳ ಮೇಲೆ ಜಡೆ ಊರಿನಿಂದ ಬಂದ ನೆಂಟರೊಬ್ಬರು, ಮೇಷ್ಟ್ರು ತೀರಿಕೊಂಡರೆಂದು ತಿಳಿಸಿದರು. ಅಪ್ಪ ಎದ್ದು ಕೆರೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಒದ್ದೆ ಪಂಚೆಯಲ್ಲೇ ಬಂದ. "ನಿಮಗೂ ಅವರಿಗೂ ಯಾವ ನಂಟು ಮಾರಾಯ? ಕುಲವೇ ಬೇರೆ" ಎಂದರು ನೆಂಟರು. ಅವ್ವ ಅನ್ನಕ್ಕೆ ಇಟ್ಟಿದ್ದ ಎಸರನ್ನು ಇಳಿಸಿ, ಒಲೆಗೆ ನೀರು ಚಿಮುಕಿಸಿದಳು.